ಪರೀಕ್ಷೆಗೆ ಬಾರದ ಚೌಕ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು ಎಂಬ ಪಾಠವಿದೆ. ನಾನು ಕಲಿಸುತ್ತಿದ್ದ ಪುಸ್ತಕದಲ್ಲಿ ಆ ಪಾಠದ ನಡುವೆ ಒಂದು ಪುಟ್ಟ ಚೌಕವಿತ್ತು. ವೈದ್ಯಕೀಯದಲ್ಲಿ ಕಾಂತತ್ವದ ಉಪಯೋಗ ತಿಳಿಸುವ ನಾಲ್ಕಾರು ಸಾಲು, ಜೊತೆಗೆ ಎಂ.ಆರ್.ಐ. ಎಂಬ ಹೆಸರು. ಆ ಪುಟ ಬಂದಾಗಲೆಲ್ಲ ನಾನು ಮಕ್ಕಳಿಗೆ ಹೇಳುತ್ತಿದ್ದ ಮಾತು ಒಂದೇ: "ಚೌಕದೊಳಗಿನದ್ದು ಪರೀಕ್ಷೆಗೆ ಬರುವುದಿಲ್ಲ, ಮನೆಯಲ್ಲಿ ಓದಿಕೊಳ್ಳಿ." ಮಕ್ಕಳು ಓದುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಸರಿಯಾಗಿ ಓದಿರಲಿಲ್ಲ.

2023ರ ಫೆಬ್ರವರಿಯ ಒಂದು ಬುಧವಾರ. ಬೆಳ್ತಂಗಡಿ ತಾಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿ. ಮಧ್ಯಾಹ್ನ ಊಟದ ನಂತರದ ಪೀರಿಯಡ್. ಫ್ಲೆಮಿಂಗನ ಎಡಗೈ ನಿಯಮವನ್ನು ಮತ್ತೊಮ್ಮೆ ಹೇಳಿಕೊಡುತ್ತಿದ್ದೆ. ಎಡಗೈಯ ಮೂರು ಬೆರಳುಗಳನ್ನು ಎತ್ತಿ ಹಿಡಿದು, ಬಲಗೈಯಿಂದ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದಾಗ ಸೀಮೆಸುಣ್ಣ ಕೈಜಾರಿ ಬಿತ್ತು. ಬಗ್ಗಿ ಹೆಕ್ಕಲು ಹೋದರೆ ಬೆರಳುಗಳು ನನ್ನ ಮಾತು ಕೇಳಲಿಲ್ಲ. "ಕಾಂತಕ್ಷೇತ್ರ" ಎನ್ನಬೇಕೆಂದು ಬಾಯಿ ತೆರೆದರೆ ಹೊರಬಂದದ್ದು ಬೇರೇನೋ. ಹಿಂದಿನ ಬೆಂಚಿನ ಹುಡುಗರು ನಕ್ಕರು.

ಮೂರನೆಯ ಬೆಂಚಿನ ಒಬ್ಬಳು ಹುಡುಗಿ ಮಾತ್ರ ನಗಲಿಲ್ಲ. ಎದ್ದು ನಿಂತು, "ಸರ್, ನಿಮ್ಮ ಬಾಯಿ ಒಂದು ಬದಿಗೆ ಎಳೆದ ಹಾಗೆ ಕಾಣುತ್ತದೆ" ಎಂದಳು. ಕುಳಿತುಕೋ ಎಂದು ಎಡಗೈಯಲ್ಲಿ ಸನ್ನೆ ಮಾಡಿ ನಾನೂ ಕುರ್ಚಿಯಲ್ಲಿ ಕುಳಿತೆ. ಹತ್ತು ನಿಮಿಷ ಕಳೆದಿರಬಹುದು. ಕೈ ಮೊದಲಿನಂತಾಯಿತು, ಮಾತೂ ಸರಿಯಾಯಿತು. ಗಾಬರಿ ಹೋದ ಮೇಲೆ ನನಗೆ ಬಂದದ್ದು ಸಿಟ್ಟು. "ಮಾಷ್ಟ್ರ ಮುಖ ನೋಡಬೇಡ, ಬೋರ್ಡು ನೋಡು" ಎಂದು ಅವಳನ್ನು ಗದರಿಸಿದೆ. ಅಷ್ಟಕ್ಕೂ ಬಿಡದೆ ಅವಳು ಮುಖ್ಯೋಪಾಧ್ಯಾಯಿನಿಯವರಿಗೆ ಹೋಗಿ ಹೇಳಿದಳು. ಅವರು ವಿಚಾರಿಸಿದಾಗ, "ಪಿತ್ತ ಮೇಡಂ, ಬಿಸಿಲು ಜೋರಿದೆಯಲ್ಲ" ಎಂದು ಹೇಳಿ ತಪ್ಪಿಸಿಕೊಂಡೆ.

ಆ ಸಂಜೆ ಎಂದಿನಂತೆ ಬಸ್ಸು ಹತ್ತಿ ಬಂಟ್ವಾಳದ ಮನೆಗೆ ಬಂದೆ. ರಾತ್ರಿ ಉತ್ತರಪತ್ರಿಕೆ ತಿದ್ದಿದೆ. ಗುರುವಾರವೂ ಶಾಲೆಗೆ ಹೋಗಿ ಬಂದೆ. ಗುರುವಾರ ರಾತ್ರಿ ಊಟದ ಹೊತ್ತಿಗೆ ಮಾತಿಗೆ ಮಾತು ಬಂದು ವಿಷಯ ಬಾಯಿಬಿಟ್ಟಾಗ ನನ್ನವಳು ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. ಅವಳ ತವರು ಮೂಡುಬಿದಿರೆ. ಅವಳ ತಂದೆ 1996ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಹನ್ನೊಂದು ವರ್ಷ ಜಗಲಿಯ ಮಂಚದಲ್ಲೇ ಕಳೆದವರು. "ನೋಡಿ, ಅಪ್ಪನಿಗೂ ಮೊದಲ ದಿನ ಹೀಗೆಯೇ ಸರಿಯಾಗಿತ್ತು" ಎಂದಳು. ಬೆಳಿಗ್ಗೆ ಅಡಿಕೆ ಸುಲಿಯುವಾಗ ಕೈ ಸೋತಿತ್ತಂತೆ, ಮಧ್ಯಾಹ್ನಕ್ಕೆ ಬಂತಂತೆ. ಎಣ್ಣೆ ತಿಕ್ಕಿ ಮಲಗಿಸಿದರು. ಮರುದಿನ ಬೆಳಿಗ್ಗೆ ಏಳಲು ಹೋದಾಗ ಅವರ ಬಲಬದಿಯೇ ಬಿದ್ದುಹೋಗಿತ್ತು.

ಶುಕ್ರವಾರ ಬೆಳಿಗ್ಗೆ ನಮ್ಮೂರಿನ ವೈದ್ಯರು ರಕ್ತದೊತ್ತಡ ನೋಡಿದರು, 180ಕ್ಕೆ 100 ಇತ್ತು. ಎರಡು ಪ್ರಶ್ನೆ ಕೇಳಿ, ಚೀಟಿ ಬರೆದು, "ನಾಳೆಯಲ್ಲ, ಈಗಲೇ ಮಂಗಳೂರಿಗೆ ಹೋಗಿ" ಎಂದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿದರು. ತಲೆಯೊಳಗೆ ರಕ್ತಸ್ರಾವ ಆಗಿದೆಯೇ ಎಂಬುದು ಅದರಲ್ಲಿ ಬೇಗ ತಿಳಿಯುತ್ತದೆ. ನನ್ನದು ಸರಿಯಾಗಿಯೇ ಇತ್ತು. ಮನೆಗೆ ಹೊರಡಬಹುದು ಎಂದುಕೊಂಡೆ. ಆದರೆ ನರರೋಗ ತಜ್ಞರು ಬಿಡಲಿಲ್ಲ. "ಮಾಷ್ಟ್ರೇ, ಮೆದುಳಿನ ಚಿಕ್ಕ ಗಾಯ ಸಿ.ಟಿ.ಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ರಕ್ತನಾಳವನ್ನೂ ನೋಡಬೇಕು. ಎಂ.ಆರ್.ಐ. ಮಾಡುವ" ಎಂದರು. ಹೀಗೆ ಅಯಸ್ಕಾಂತದ ಪಾಠ ಹೇಳುತ್ತಿದ್ದವನು ಅಯಸ್ಕಾಂತದ ಹೊಟ್ಟೆಯೊಳಗೆ ಹೋಗುವ ಕಾಲ ಬಂತು.

ಒಳಗೆ ಹೋಗುವ ಮುನ್ನ ವಾಚು, ಉಂಗುರ, ಕನ್ನಡಕ, ಕಿಸೆಯ ಚಿಲ್ಲರೆ ಎಲ್ಲ ತೆಗೆಸಿದರು. ಸೊಂಟದ ಬೆಳ್ಳಿಯ ಉಡಿದಾರವನ್ನೂ ಬಿಡಲಿಲ್ಲ. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲವಲ್ಲ ಎಂದು ನನ್ನ ಬಿ.ಎಸ್ಸಿ. ಬುದ್ಧಿ ವಾದ ಮಾಡಿತು. ಆದರೆ ಬದಲಾಗುವ ಕಾಂತಕ್ಷೇತ್ರದಲ್ಲಿ ಲೋಹದ ಬಳೆಯಂಥ ಸುತ್ತು ಇದ್ದರೆ ಅದರಲ್ಲಿ ವಿದ್ಯುತ್ ಪ್ರೇರಣೆಯಾಗಿ ಬಿಸಿಯೇರಬಹುದು. ಇದು ಫ್ಯಾರಡೆಯ ನಿಯಮ, ನಾನೇ ಪಾಠ ಮಾಡಿದ್ದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಮೈಯಲ್ಲಿ ಲೋಹದ ಕ್ಲಿಪ್ಪು ಅಥವಾ ಚೂರು ಇರುವವರು ಮೊದಲೇ ಹೇಳಲೇಬೇಕು. ಆ ಅಯಸ್ಕಾಂತಕ್ಕೆ ರಜೆ ಇಲ್ಲ. ದ್ರವ ಹೀಲಿಯಮ್‌ನಲ್ಲಿ, ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿದಿರುವ ಅದರ ಸುರುಳಿಯಲ್ಲಿ ಹಗಲೂ ರಾತ್ರಿ ವಿದ್ಯುತ್ ಹರಿಯುತ್ತಲೇ ಇರುತ್ತದೆ.

ಯಂತ್ರದ ಶಕ್ತಿ ಒಂದೂವರೆ ಟೆಸ್ಲಾ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಮಿಕ್ಕಿ. ಪುಸ್ತಕದ ಚೌಕ ಓದಿದವರಿಗೆ, ನಮ್ಮ ನರಗಳ ಸಣ್ಣ ವಿದ್ಯುತ್ತಿನಿಂದಲೇ ಈ ಚಿತ್ರ ಮೂಡುತ್ತದೆಂದು ತೋರಬಹುದು. ಹಾಗಲ್ಲ. ಚಿತ್ರ ಮೂಡುವುದು ಮುಖ್ಯವಾಗಿ ನಮ್ಮ ಮೈಯ ನೀರಿನಲ್ಲಿರುವ ಜಲಜನಕದಿಂದ. ಜಲಜನಕದ ಪರಮಾಣುವಿನ ನಡುವಿನ ಪ್ರೋಟಾನ್ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಈ ಕಾಂತಕ್ಷೇತ್ರದಲ್ಲಿ ಅದು ಬುಗುರಿಯ ಹಾಗೆ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸಲ ಓಲಾಡುತ್ತದೆ. ಅದೇ ಲಯದ, ಅಂದರೆ 64 ಮೆಗಾಹರ್ಟ್ಸ್‌ನ ರೇಡಿಯೊ ತರಂಗ ಬಿಟ್ಟರೆ ಪ್ರೋಟಾನ್ ಶಕ್ತಿ ಹೀರುತ್ತದೆ. ನಿಲ್ಲಿಸಿದಾಗ ಅದೇ ಲಯದಲ್ಲಿ ಮರುದನಿ ಕೊಡುತ್ತದೆ. ನಮ್ಮ ಮಂಗಳೂರು ಆಕಾಶವಾಣಿಯ ಎಫ್.ಎಂ. ಬರುವುದು 100.3 ಮೆಗಾಹರ್ಟ್ಸ್‌ನಲ್ಲಿ, ಹೆಚ್ಚುಕಡಿಮೆ ಅದೇ ಜಾತಿಯ ತರಂಗ. ಎಕ್ಸ್-ಕಿರಣದ ಮಾತೇ ಇಲ್ಲ. ಈ ಮರುದನಿಯಿಂದ ಚಿತ್ರ ಕಟ್ಟುವ ದಾರಿ ತೋರಿಸಿದ ಅಮೆರಿಕದ ಪಾಲ್ ಲಾಟರ್ಬರ್ ಮತ್ತು ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಹುಮಾನ ಬಂತು.

ಕೊಳವೆಯೊಳಗೆ ಮಲಗಿದಾಗ ಟಕಟಕ, ಗರಗರ ಎಂದು ಕಿವಿ ಕಿತ್ತುಹೋಗುವಂಥ ಸದ್ದು. ಕಿವಿಗೆ ಹತ್ತಿ ಕೊಟ್ಟಿದ್ದರೂ ಎದೆ ಹೊಡೆದುಕೊಂಡಿತು. ಆಮೇಲೆ ಯೋಚಿಸಿದಾಗ ನಗು ಬಂತು. ದೊಡ್ಡ ಅಯಸ್ಕಾಂತದೊಳಗೆ ಇನ್ನೂ ಕೆಲವು ಸುರುಳಿಗಳಿವೆ. ಅವುಗಳಲ್ಲಿ ವಿದ್ಯುತ್ತನ್ನು ಹರಿಸಿ ನಿಲ್ಲಿಸಿ ಮಾಡುವಾಗ ಅವುಗಳ ಮೇಲೆ ಬಲ ಬಿದ್ದು ನಡುಗುತ್ತವೆ. ಸದ್ದು ಆ ನಡುಕದ್ದು. ಕಾಂತಕ್ಷೇತ್ರ, ವಿದ್ಯುತ್ತು, ಬಲ: ಅದೇ ಫ್ಲೆಮಿಂಗನ ಎಡಗೈ! ಬುಧವಾರ ಅರ್ಧಕ್ಕೆ ಬಿಟ್ಟ ಚಿತ್ರ ನನ್ನ ತಲೆಯ ಸುತ್ತಲೇ ಗುಡುಗುತ್ತಿತ್ತು.

ಚಿತ್ರಗಳು ಬಂದವು. ವೈದ್ಯರು ಮೊದಲು ತೋರಿಸಿದ್ದು ಡಿಫ್ಯೂಷನ್ ಎಂಬ ಬಗೆಯ ಚಿತ್ರ. ರಕ್ತ ಸಿಗದ ಜೀವಕೋಶಗಳು ಊದಿಕೊಂಡಾಗ ಅಲ್ಲಿನ ನೀರಿನ ಕಣಗಳ ಓಡಾಟಕ್ಕೆ ತಡೆಯಾಗುತ್ತದೆ. ಆ ಜಾಗ ಬಿಳಿಯಾಗಿ ಹೊಳೆಯುತ್ತದೆ. ನನ್ನ ಮೆದುಳಿನ ಎಡಭಾಗದಲ್ಲಿ ಹೆಸರುಕಾಳಿನಷ್ಟು ದೊಡ್ಡ ಒಂದು ಬಿಳಿ ಚುಕ್ಕೆ. ಬಲಗೈ ಮತ್ತು ಮಾತು, ಎರಡರ ಯಜಮಾನಿಕೆಯೂ ಸಾಮಾನ್ಯವಾಗಿ ಎಡ ಮೆದುಳಿನದೇ. ಹತ್ತೇ ನಿಮಿಷದಲ್ಲಿ ಹೋಯಿತೆಂದು ನಾನು ತಿಳಿದದ್ದು ಗುರುತು ಬಿಟ್ಟೇ ಹೋಗಿತ್ತು. ಬಂದು ಹೋಗುವ ಇಂಥ ಲಕ್ಷಣಗಳನ್ನು ಟಿ.ಐ.ಎ. ಎನ್ನುತ್ತಾರೆ. ಹಾಗೆ ಬಂದು ಹೋದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇಂಥ ಚುಕ್ಕೆ ಕಾಣಿಸುತ್ತದಂತೆ.

ಎರಡನೆಯದು ರಕ್ತನಾಳಗಳ ಚಿತ್ರ, ಎಂ.ಆರ್. ಆಂಜಿಯೋಗ್ರಾಂ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಎಂಬ ವೈದ್ಯರು ಮೆದುಳಿನ ರಕ್ತನಾಳಗಳನ್ನು ಮೊದಲ ಬಾರಿಗೆ ಕಾಣಿಸಿದಾಗ ಕುತ್ತಿಗೆಯ ಅಪಧಮನಿಗೆ ಔಷಧ ಚುಚ್ಚಿ ಎಕ್ಸ್-ಕಿರಣ ಬಿಡಬೇಕಾಗಿತ್ತು. ನನಗೆ ಒಂದು ಸೂಜಿಯನ್ನೂ ಚುಚ್ಚಿರಲಿಲ್ಲ. ಆದರೂ ಕಪ್ಪು ಹಿನ್ನೆಲೆಯಲ್ಲಿ ನನ್ನ ಅಪಧಮನಿಗಳು ಮರದ ಕೊಂಬೆಗಳ ಹಾಗೆ ಬೆಳ್ಳಗೆ ಹರಡಿದ್ದವು. ಎಡಬದಿಯ ಒಂದು ಮುಖ್ಯ ಕೊಂಬೆಯಲ್ಲಿ ಮಾತ್ರ ಒಂದು ಕಡೆ ಬೆಳಕು ಕಡಿದುಹೋಗಿತ್ತು. ಅದರಾಚೆಗೆ ಮತ್ತೆ ಸಣ್ಣಗೆ ಮುಂದುವರಿದಿತ್ತು.

"ಪೂರ್ತಿ ಕಟ್ಟಿದೆಯಾ ಡಾಕ್ಟ್ರೇ?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ಈ ಚಿತ್ರ ಕೊಳವೆಯದ್ದಲ್ಲ ಮಾಷ್ಟ್ರೇ, ಹರಿವಿನದ್ದು. ಬೆಳಕು ಇಲ್ಲದ ಕಡೆ ದಾರಿಯೇ ಇಲ್ಲ ಎಂದು ಅರ್ಥವಲ್ಲ" ಎಂದರು.

ಆ ಮಾತನ್ನು ನಾನು ಈಗ ಮಕ್ಕಳಿಗೆ ಹೀಗೆ ವಿವರಿಸುತ್ತೇನೆ. ಒಂದೇ ಪ್ರಶ್ನೆಯನ್ನು ಬಿಡುವಿಲ್ಲದೆ ನೂರು ಸಲ ಕೇಳಿದರೆ ತರಗತಿಯಲ್ಲಿ ಕುಳಿತ ಮಕ್ಕಳು ದಣಿದು ಉತ್ತರ ಹೇಳುವುದನ್ನೇ ಬಿಡುತ್ತಾರೆ. ಆಗ ತಾನೇ ಬಾಗಿಲಿನಿಂದ ಒಳಬಂದ ಹುಡುಗ ಮಾತ್ರ ಗಟ್ಟಿಯಾಗಿ ಉತ್ತರಿಸುತ್ತಾನೆ. ಯಂತ್ರವೂ ಮೆದುಳಿನ ಒಂದು ಹೋಳಿಗೆ ಮೇಲಿಂದ ಮೇಲೆ ರೇಡಿಯೊ ತರಂಗ ಬಿಡುತ್ತದೆ. ಅಲ್ಲೇ ಇರುವ ಮಾಂಸದ ಪ್ರೋಟಾನುಗಳು ದಣಿದು ಮಂಕಾಗುತ್ತವೆ. ಹೊಸದಾಗಿ ಹರಿದು ಬಂದ ರಕ್ತದ ಪ್ರೋಟಾನುಗಳು ಹೊಳೆಯುತ್ತವೆ. ಆದರೆ ಆ ಹುಡುಗ ಒಳಗೆ ಬಂದು ತುಂಬ ಹೊತ್ತು ಅಡ್ಡಾಡಿದರೆ ಅವನೂ ದಣಿಯುತ್ತಾನೆ. ಹಾಗೆಯೇ ರಕ್ತ ನಿಧಾನವಾದರೆ ಹೊಳಪು ಮಾಸುತ್ತದೆ. ಇನ್ನು, ಹತ್ತು ಮಂದಿ ಒಟ್ಟಿಗೆ ಉತ್ತರ ಹೇಳಿದರೆ ಕೇಳಿಸುತ್ತದೆ. ತಳ್ಳಾಡುತ್ತ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹೇಳಿದರೆ ಏನೂ ತಿಳಿಯುವುದಿಲ್ಲ. ಕಿರಿದಾದ ಜಾಗದಲ್ಲಿ ರಕ್ತ ರಭಸದಿಂದ ನುಗ್ಗಿ ಸುಳಿ ಎದ್ದಾಗ ಹೀಗೆಯೇ ಸಂಕೇತ ಅಳಿಸಿಹೋಗುತ್ತದೆ. ಆದ್ದರಿಂದ ಈ ಪರೀಕ್ಷೆ ಕಿರಿದಾಗಿರುವುದನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸುವುದುಂಟು. ಸಂಶಯವಿದ್ದರೆ ಸಿ.ಟಿ. ಆಂಜಿಯೋಗ್ರಾಂ ಮಾಡಿ ತಾಳೆ ನೋಡುತ್ತಾರೆ. ಇನ್ನೂ ನಿಖರವಾಗಿ ತಿಳಿಯಬೇಕಾದರೆ ತೊಡೆಯ ಅಥವಾ ಕೈಯ ಅಪಧಮನಿಯ ಮೂಲಕ ಸಣ್ಣ ನಳಿಕೆ ಕಳುಹಿಸಿ ಆಂಜಿಯೋಗ್ರಾಂ ಮಾಡುತ್ತಾರೆ. ನನಗೆ ಸಿ.ಟಿ.ಯಲ್ಲಿ ಗೊತ್ತಾಯಿತು: ದಾರಿ ಮುಚ್ಚಿರಲಿಲ್ಲ, ವ್ಯಾಸದಲ್ಲಿ ನೂರಕ್ಕೆ ಅರುವತ್ತರಷ್ಟು ಕಿರಿದಾಗಿತ್ತು.

ಅರುವತ್ತು ಎಂದರೆ ಇನ್ನೂ ನಲುವತ್ತು ಉಳಿದಿದೆಯಲ್ಲ ಎಂದು ಸಮಾಧಾನಪಡಬೇಡಿ. ವ್ಯಾಸ ಅರ್ಧವಾದರೆ ದಾರಿಯ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ. ಫ್ರಾನ್ಸಿನ ವೈದ್ಯ ಪ್ವಾಸೆಯ್ ಹತ್ತೊಂಬತ್ತನೆಯ ಶತಮಾನದಲ್ಲಿ ಕಂಡುಕೊಂಡ ನಿಯಮದ ಪ್ರಕಾರ, ಉದ್ದನೆಯ ಸಪುರ ಕೊಳವೆಯ ತ್ರಿಜ್ಯ ಅರ್ಧವಾದರೆ, ಒತ್ತಡ ಅಷ್ಟೇ ಇದ್ದಾಗ, ಹರಿವು ಹದಿನಾರನೆಯ ಒಂದು ಪಾಲಿಗೆ ಬರುತ್ತದೆ. ದೇಹ ಇಷ್ಟು ಸರಳ ಕೊಳವೆಯಲ್ಲ. ಮುಂದಿನ ಸಣ್ಣ ನಾಳಗಳು ಹಿಗ್ಗಿ ಬಹಳ ಮಟ್ಟಿಗೆ ಸರಿದೂಗಿಸುತ್ತವೆ, ಬಳಸುದಾರಿಗಳೂ ಇವೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ವಿವರಿಸಿದ ಅಪಧಮನಿಗಳ ವರ್ತುಲವೊಂದು ಮೆದುಳಿನ ಬುಡದಲ್ಲಿದೆ. ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದಾಗ ಘಟ್ಟ ಹತ್ತುವವರು ಬೇರೆ ಘಾಟಿಗಳನ್ನು ಬಳಸಿ ಹೋಗಲಿಲ್ಲವೇ, ಹಾಗೆ. ಆದರೆ ಉಜಿರೆ ಪೇಟೆಯೊಳಗಿನ ರಸ್ತೆಯೇ ಕಡಿದರೆ ಶಿರಾಡಿ ತೆರೆದಿದ್ದು ಏನು ಉಪಯೋಗ? ಊರಿನ ಒಳದಾರಿಗಳೇ ಗತಿ. ನನ್ನ ತೊಂದರೆ ಇದ್ದದ್ದು ವರ್ತುಲ ದಾಟಿದ ಮೇಲೆ. ಅಲ್ಲಿ ನನ್ನನ್ನು ಕಾಯುತ್ತಿದ್ದದ್ದು ಅಂಥ ಒಳದಾರಿಗಳೇ.

ತಲೆಯೊಳಗಿನ ಅಪಧಮನಿ ಕಿರಿದಾಗುವ ಈ ತೊಂದರೆ ಪಾಶ್ಚಾತ್ಯರಿಗಿಂತ ನಮ್ಮಂಥ ಏಷ್ಯಾದ ಜನರಲ್ಲಿ ಹೆಚ್ಚು. ಹೃದಯಕ್ಕೆ ಹಾಕುವ ಹಾಗೆ ಒಂದು ಸ್ಟೆಂಟ್ ಹಾಕಿಬಿಡಿ ಎಂದು ನಾನೇ ಕೇಳಿದೆ. ವೈದ್ಯರು ಒಪ್ಪಲಿಲ್ಲ. ಅಮೆರಿಕದಲ್ಲಿ 451 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಗಿದೆ. ಒಂದು ತಿಂಗಳೊಳಗೆ ಪಾರ್ಶ್ವವಾಯು ಅಥವಾ ಮರಣ ಸಂಭವಿಸಿದ್ದು ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ 14.7 ಮಂದಿಗೆ, ಬಿಗಿಯಾದ ಔಷಧೋಪಚಾರ ಮಾತ್ರ ಪಡೆದವರಲ್ಲಿ 5.8 ಮಂದಿಗೆ. ಕುತ್ತಿಗೆಯ ಅಪಧಮನಿಯ ಲೆಕ್ಕ ಬೇರೆ. ಲಕ್ಷಣ ಕಾಣಿಸಿಕೊಂಡು, ಅಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನ ಉಂಟು. ಎಲ್ಲಿ, ಎಷ್ಟು ಎಂದು ಮೊದಲು ನೋಡುವುದು ಅದಕ್ಕೇ. ನನಗೆ ಸಿಕ್ಕಿದ್ದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಕೊಲೆಸ್ಟರಾಲ್ ಇಳಿಸುವ ಮಾತ್ರೆ, ರಕ್ತದೊತ್ತಡದ ಮಾತ್ರೆ, ದಿನಕ್ಕೆ ಅರ್ಧ ಗಂಟೆ ನಡಿಗೆ, ಮತ್ತು ಉಪ್ಪಿನಕಾಯಿಗೆ ವಿದಾಯ.

ಆಸ್ಪತ್ರೆಯಿಂದ ಹೊರಡುವ ದಿನ ವೈದ್ಯರು ಹೇಳಿದ ಒಂದು ಲೆಕ್ಕ ಇಂದಿಗೂ ನನ್ನನ್ನು ಚುಚ್ಚುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟಿ.ಐ.ಎ. ಆದ 1,707 ಮಂದಿಯನ್ನು ಗಮನಿಸಿದ ಅಧ್ಯಯನ 2000ನೇ ಇಸವಿಯಲ್ಲಿ ಬಂತು. ಮೂರು ತಿಂಗಳೊಳಗೆ ನೂರರಲ್ಲಿ ಸುಮಾರು ಹತ್ತು ಮಂದಿಗೆ ಪಾರ್ಶ್ವವಾಯು ಬಡಿದಿತ್ತು. ಅವರಲ್ಲಿ ಅರ್ಧದಷ್ಟು ಜನರಿಗೆ ಬಡಿದದ್ದು ಮೊದಲ ಎರಡೇ ದಿನಗಳಲ್ಲಿ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ತಡಮಾಡದೆ ಚಿಕಿತ್ಸೆ ಆರಂಭಿಸಿ ನೋಡಿದಾಗ, ಹೀಗೆ ಮತ್ತೆ ಬಡಿಯುವುದು ನೂರಕ್ಕೆ ಎಂಬತ್ತರಷ್ಟು ಕಡಿಮೆಯಾಯಿತೆಂದು 2007ರಲ್ಲಿ ಪ್ರಕಟಿಸಿದರು. ಆ ಎರಡು ದಿನಗಳನ್ನು ನಾನು ಹೇಗೆ ಕಳೆದಿದ್ದೆ? ಬಸ್ಸಿನಲ್ಲಿ ತೂಕಡಿಸುತ್ತ, ಉತ್ತರಪತ್ರಿಕೆ ತಿದ್ದುತ್ತ. ಮಾವನವರಿಗೆ ಆದದ್ದು ನನಗೆ ಆಗಲಿಲ್ಲ. ಅದು ನನ್ನ ಜಾಣತನದಿಂದಲ್ಲ, ಅದೃಷ್ಟದಿಂದ.

ಆದ್ದರಿಂದ ಮಕ್ಕಳೇ, ನಾಲ್ಕು ಸಂಗತಿ ನೆನಪಿಡಿ. ಮನೆಯಲ್ಲಿ ಅಜ್ಜನ, ಅಪ್ಪನ, ಅಮ್ಮನ ಮುಖ ಒಂದು ಬದಿಗೆ ಇಳಿದಿದೆಯೇ? ಎರಡು ಕೈ ಎತ್ತಲು ಹೇಳಿದರೆ ಒಂದು ಕೆಳಗೆ ಬೀಳುತ್ತದೆಯೇ? ಮಾತು ತೊದಲುತ್ತಿದೆಯೇ? ಇವುಗಳಲ್ಲಿ ಒಂದು ಇದ್ದರೂ ಗಡಿಯಾರ ನೋಡಿ, ಎಷ್ಟು ಗಂಟೆಗೆ ಶುರುವಾಯಿತೆಂದು ಬರೆದುಕೊಂಡು, ಕೂಡಲೇ 108ಕ್ಕೆ ಫೋನು ಮಾಡಿ. ಹೆಪ್ಪು ಕರಗಿಸುವ ಔಷಧ ಸಾಮಾನ್ಯವಾಗಿ ಕೊಡಬಹುದಾದದ್ದು ಮೊದಲ ನಾಲ್ಕೂವರೆ ಗಂಟೆಯೊಳಗೆ. ಬೆಳ್ತಂಗಡಿಯಿಂದಲೋ ಮೂಡುಬಿದಿರೆಯಿಂದಲೋ ಮಂಗಳೂರು ಮುಟ್ಟುವ ಹೊತ್ತನ್ನೂ ಅದರಲ್ಲೇ ಕಳೆಯಬೇಕು. ಲಕ್ಷಣ ತಾನಾಗಿ ಹೋದರೂ ಆಸ್ಪತ್ರೆಗೆ ಹೋಗಿ. ಹೋಯಿತೆಂಬುದು ನಮ್ಮ ಎಣಿಕೆ ಮಾತ್ರ.

ಹೆತ್ತವರಲ್ಲಿ ಒಂದು ವಿನಂತಿ. ಮಗು, "ಅಪ್ಪಾ, ನಿಮ್ಮ ಮಾತು ಯಾಕೋ ಸರಿಯಿಲ್ಲ" ಎಂದರೆ ನನ್ನ ಹಾಗೆ ಗದರಿಸಬೇಡಿ. ನಮ್ಮ ಮುಖ ನಮಗೆ ಕಾಣುವುದಿಲ್ಲ. ಎದುರಿಗಿರುವ ಮಗುವಿಗೆ ಕಾಣುತ್ತದೆ.

ಎರಡು ವಾರದ ಬಳಿಕ ಶಾಲೆಗೆ ಹೋದೆ. ಆಸ್ಪತ್ರೆಯ ಫಿಲ್ಮನ್ನು ತರಗತಿಯ ಕಿಟಕಿಗೆ ಬೆಳಕು ಬೀಳುವಂತೆ ಒರಗಿಸಿ, ಬೆಳಕು ಕಡಿದ ಜಾಗವನ್ನು ತೋರಿಸಿದೆ. ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ ಎಲ್ಲರೆದುರು ಹೇಳಿದೆ: "ನಿನ್ನ ವೀಕ್ಷಣೆ ಸರಿಯಾಗಿತ್ತು, ನನ್ನ ತೀರ್ಮಾನ ತಪ್ಪಾಗಿತ್ತು. ಗದರಿಸಿದ್ದು ಅದಕ್ಕಿಂತ ದೊಡ್ಡ ತಪ್ಪು." ಅವಳು ತಲೆ ತಗ್ಗಿಸಿದಳು. ಅವಳ ಅಜ್ಜನಿಗೂ ಹೀಗೆ ಆಗಿತ್ತಂತೆ, ಅದಕ್ಕೇ ಗೊತ್ತಾಯಿತಂತೆ. ಮತ್ತೆ ಮೆಲ್ಲನೆ ಕೇಳಿದಳು: "ಸರ್, ಈಗ ಬರೆಯಲಿಕ್ಕೆ ಆಗುತ್ತದಾ?"

ಸೀಮೆಸುಣ್ಣ ಎತ್ತಿಕೊಂಡು, ಅರ್ಧಕ್ಕೆ ನಿಂತ ಎಡಗೈ ನಿಯಮದ ಚಿತ್ರವನ್ನು ಬರೆದು ಮುಗಿಸಿದೆ. ಗೆರೆ ಸ್ವಲ್ಪ ಓರೆಯಾಗಿರಬಹುದು. ಆಮೇಲೆ, "ಪುಸ್ತಕ ತೆಗೆಯಿರಿ, ಇವತ್ತು ಆ ಚೌಕವನ್ನು ಓದೋಣ" ಎಂದೆ. ಅದು ಪರೀಕ್ಷೆಗೆ ಬರುತ್ತದೆಯೇ ಎಂದು ಆ ದಿನ ಯಾರೂ ಕೇಳಲಿಲ್ಲ.